ಮಗನ ಮೆದುಳು 1,090 ಮಿಲಿಲೀಟರ್ ಅಂತೆ, ಕಡಿಮೆಯಾಯ್ತಾ?

ಪ್ರಶ್ನೆ: ನನ್ನ ಮಗನಿಗೆ ಐದು ವರ್ಷ ಎರಡು ತಿಂಗಳು. ಎಂಟು ತಿಂಗಳಿಗೇ ಹುಟ್ಟಿದ, ಆಗ 1.7 ಕೆಜಿ ಇದ್ದ. ಕೂತಿದ್ದು, ನಡೆದಿದ್ದು ಎಲ್ಲ ಹೆಚ್ಚುಕಮ್ಮಿ ಸರಿಯಾದ ಸಮಯಕ್ಕೇ. ಮಾತು ಮಾತ್ರ ತಡ. ಈಗಲೂ ಮೂರು ನಾಲ್ಕು ಪದ ಸೇರಿಸಿ ಹೇಳುತ್ತಾನೆ ಅಷ್ಟೇ. ಡಾಕ್ಟರು ಎಂಆರ್‌ಐ ಮಾಡಿಸಿ ಅಂದರು. ರಿಪೋರ್ಟಿನಲ್ಲಿ ಮೂರು ಸಾಲು ಇದೆ: ‘ನೋ ಫೋಕಲ್ ಲೀಷನ್. ಮೈಲ್ಡ್ ಡಿಫ್ಯೂಸ್ ಸೆರೆಬ್ರಲ್ ಅಟ್ರೋಫಿ. ಫ್ಲೂಯಿಡ್ ಇನ್ ಬೋತ್ ಮಾಸ್ಟಾಯ್ಡ್ಸ್.’ ಜೊತೆಗೆ ಕಂಪ್ಯೂಟರ್ ತೆಗೆದ ಒಂದು ಬಣ್ಣದ ಹಾಳೆ ಕೊಟ್ಟಿದ್ದಾರೆ. ಅದರಲ್ಲಿ ‘ಒಟ್ಟು ಮೆದುಳು 1,090 ಮಿ.ಲೀ., ಪರ್ಸೆಂಟೈಲ್ 8’ ಎಂದು ಕೆಂಪು ಅಕ್ಷರದಲ್ಲಿದೆ. ಮೆದುಳು ಸುರುಟಿಕೊಂಡಿದೆಯಾ? ಎಂಆರ್‌ಐಯಲ್ಲಿ ಬುದ್ಧಿ ಎಷ್ಟಿದೆ ಅಂತ ಗೊತ್ತಾಗುತ್ತದೆ ಎಂದು ನಾದಿನಿ ಹೇಳುತ್ತಾಳೆ, ನಿಜವಾ? ನಾನು ಕೆಲಸಕ್ಕೆ ಹೋಗುವಾಗ ಅಜ್ಜಿ ಅವನ ಕೈಗೆ ಮೊಬೈಲ್ ಕೊಡುತ್ತಿದ್ದರು, ಅದರಿಂದ ಹೀಗಾಯ್ತಾ? ಆರು ತಿಂಗಳು ಬಿಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿಸಲಾ? — ದಾವಣಗೆರೆಯ ಓದುಗರೊಬ್ಬರು

ಉತ್ತರ: ನೋಡಿ ಅಮ್ಮಾ, ನೀವು ಬರೆದಿದ್ದರಲ್ಲಿ ಮೆದುಳು ಸುರುಟಿಕೊಂಡಿದೆ ಎನ್ನುವುದಕ್ಕೆ ನನಗೆ ಆಧಾರ ಕಾಣುತ್ತಿಲ್ಲ. ಇಂಥ ಫಿಲ್ಮ್‌ಗಳನ್ನು ನೋಡುವುದೇ ನನ್ನ ಕೆಲಸ. ಮೊದಲ ಸಾಲು ‘ನೋ ಫೋಕಲ್ ಲೀಷನ್’ ಎಂದರೆ ಇಂಥ ಜಾಗದಲ್ಲಿ ಎಂದು ಬೆರಳಿಟ್ಟು ತೋರಿಸುವಂಥ ಗಾಯ, ಗಂಟು ಇಲ್ಲ ಎಂದು. ‘ಅಟ್ರೋಫಿ’ (ಕುಗ್ಗುವಿಕೆ) ಎನ್ನುವ ಪದವನ್ನು ನಾವು ರೇಡಿಯಾಲಜಿಯವರು ಸ್ವಲ್ಪ ಧಾರಾಳವಾಗಿಯೇ ಬಳಸುತ್ತೇವೆ ಎಂದು ಒಪ್ಪಿಕೊಳ್ಳುತ್ತೇನೆ. ಆ ಕೆಂಪು ಸಂಖ್ಯೆ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಅದನ್ನು ಎಷ್ಟು ನಂಬಬೇಕು ಎನ್ನುವುದು ನಿಮಗೇ ಗೊತ್ತಾಗುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಎಂಆರ್‌ಐ ಎಕ್ಸ್‌ರೇ ಅಲ್ಲ, ಸಿಟಿ ಸ್ಕ್ಯಾನೂ ಅಲ್ಲ. ಇದರಲ್ಲಿ ವಿಕಿರಣದ ಭಯ ಇಲ್ಲ. ಅದೊಂದು ದೊಡ್ಡ ಅಯಸ್ಕಾಂತ. ನಮ್ಮ ಊರುಗಳಲ್ಲಿ ಇರುವುದು ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಮಷೀನು. 1.5 ಟೆಸ್ಲಾ ಎಂದರೆ ಭೂಮಿಯ ಅಯಸ್ಕಾಂತ ಶಕ್ತಿಯ ಸುಮಾರು ಮೂವತ್ತು ಸಾವಿರ ಪಟ್ಟು. ಮೈಯಲ್ಲಿರುವ ನೀರಿನ ಹೈಡ್ರೋಜನ್ ಕಣಗಳು ಅದರೊಳಗೆ ಒಂದು ದಿಕ್ಕಿಗೆ ವಾಲುತ್ತವೆ. ರೇಡಿಯೋ ಅಲೆಯಿಂದ ಅವನ್ನು ಒಮ್ಮೆ ತಟ್ಟಿದರೆ ಅಲುಗಾಡಿ ಮತ್ತೆ ಸ್ವಸ್ಥಾನಕ್ಕೆ ಬರುತ್ತವೆ. ಬರುವಾಗ ಸಣ್ಣ ಸಂಕೇತ ಬಿಡುತ್ತವೆ. ಕೊಬ್ಬಿನ ಪದರ ಹೊದ್ದ ನರತಂತುಗಳ ಜಾಗದಲ್ಲಿ ಬೇಗ ಬರುತ್ತವೆ, ಬರೀ ನೀರಿರುವಲ್ಲಿ ನಿಧಾನ. ಆ ವ್ಯತ್ಯಾಸವೇ ಚಿತ್ರದ ಕಪ್ಪು, ಬೂದು, ಬಿಳಿ. ಇದರಿಂದ ಚಿತ್ರ ಮಾಡಬಹುದು ಎಂದು ಪಾಲ್ ಲಾಟರ್‌ಬರ್ 1973ರಲ್ಲಿ ತೋರಿಸಿದರು. ಪೀಟರ್ ಮ್ಯಾನ್ಸ್‌ಫೀಲ್ಡ್ ಜೊತೆ ಅವರಿಗೆ 2003ರಲ್ಲಿ ನೊಬೆಲ್ ಬಂತು.

ಗಾತ್ರ ಅಳೆಯುವುದು ಇನ್ನೂ ಸರಳ. ಹೈಸ್ಕೂಲಿನಲ್ಲಿ ಗ್ರಾಫ್ ಹಾಳೆಯ ಮೇಲೆ ದಾಸವಾಳದ ಎಲೆ ಇಟ್ಟು, ಸುತ್ತ ಗೆರೆ ಎಳೆದು, ಒಳಗಿನ ಚೌಕಗಳನ್ನು ಎಣಿಸಿದ್ದು ನೆನಪಿದೆಯಾ? ಅರ್ಧಕ್ಕಿಂತ ಜಾಸ್ತಿ ಎಲೆ ಬಂದ ಚೌಕ ಲೆಕ್ಕಕ್ಕೆ, ಕಡಿಮೆ ಬಂದರೆ ಬಿಡುವುದು. ಇಲ್ಲೂ ಅದೇ ಆಟ. ಚೌಕದ ಬದಲು ಒಂದು ಮಿಲಿಮೀಟರ್ ಉದ್ದ, ಅಗಲ, ಎತ್ತರದ ಪುಟ್ಟ ಡಬ್ಬಿಗಳು. ಅವಕ್ಕೆ ವಾಕ್ಸೆಲ್ ಎನ್ನುತ್ತೇವೆ. ಸಾವಿರ ಡಬ್ಬಿ ಸೇರಿದರೆ ಒಂದು ಮಿಲಿಲೀಟರ್. ನಿಮ್ಮ ಹಾಳೆಯಲ್ಲಿ 1,090 ಎಂದಿದೆಯಲ್ಲ, ಅದರರ್ಥ ಕಂಪ್ಯೂಟರ್ ಸುಮಾರು ಹನ್ನೊಂದು ಲಕ್ಷ ಡಬ್ಬಿಗಳಿಗೆ ‘ಇದು ಮೆದುಳು’ ಎಂದು ಚೀಟಿ ಅಂಟಿಸಿದೆ. ಉಳಿದವಕ್ಕೆ ‘ನೀರು’, ‘ಮೂಳೆ’, ‘ಕಣ್ಣು’, ‘ಚರ್ಮ’ ಎಂಬ ಚೀಟಿ. ಹಿಂದೆಲ್ಲ ಇದನ್ನು ಕೈಯಲ್ಲೇ, ಒಂದೊಂದು ಸ್ಲೈಸಿನ ಮೇಲೂ ಮೌಸಿನಿಂದ ಗೆರೆ ಎಳೆದು ಮಾಡುತ್ತಿದ್ದರು. ಒಂದು ಮಗುವಿಗೇ ದಿನಗಟ್ಟಲೆ ಹಿಡಿಯುತ್ತಿತ್ತು. ಈಗ ಫ್ರೀಸರ್ಫರ್, ಎಫ್‌ಎಸ್‌ಎಲ್, ಎಸ್‌ಪಿಎಂನಂಥ ಸಾಫ್ಟ್‌ವೇರ್‌ಗಳಿವೆ. ಸ್ಕ್ಯಾನ್ ಸೆಂಟರ್‌ಗಳು ದುಡ್ಡು ಕೊಟ್ಟು ತರಿಸುವ ಬೇರೆ ಪ್ಯಾಕೇಜುಗಳೂ ಇವೆ.

ತೊಂದರೆ ಇರುವುದು ಎಲೆಯ ಅಂಚಿನಲ್ಲಿ. ಮೆದುಳು ನುಣ್ಣಗಿನ ಚೆಂಡಲ್ಲ, ಮಡಿಕೆ ಮಡಿಕೆಯಾಗಿ ತಲೆಯೊಳಗೆ ತುರುಕಿಟ್ಟ ಹಾಳೆಯಂತಿದೆ. ಆ ಹಾಳೆಯನ್ನು ಬಿಡಿಸಿ ಹರಡಿದರೆ ಸುಮಾರು 1,800 ಚದರ ಸೆಂಟಿಮೀಟರ್ ಆಗುತ್ತದೆ ಎಂದು ಇಟ್ಟುಕೊಳ್ಳಿ. ಅದರ ದಪ್ಪ ಎರಡರಿಂದ ನಾಲ್ಕು ಮಿಲಿಮೀಟರ್ ಅಷ್ಟೇ. ಈಗ ಕಂಪ್ಯೂಟರ್ ಅಂಚಿನ ಗೆರೆಯನ್ನು ಎಲ್ಲ ಕಡೆ ಬರೀ 0.1 ಮಿಲಿಮೀಟರ್ ಒಳಗೆ ಎಳೆಯಿತು ಎಂದುಕೊಳ್ಳಿ. ಅದು ಕಣ್ಣಿಗೆ ಕಾಣುವ ತಪ್ಪೇ ಅಲ್ಲ. ಆದರೆ ಲೆಕ್ಕದಲ್ಲಿ 18 ಮಿಲಿಲೀಟರ್ ಮಾಯ. ಮೂರು ಟೀ ಚಮಚಕ್ಕಿಂತ ಜಾಸ್ತಿ ಮೆದುಳು, ಬರೀ ಗೆರೆಯಲ್ಲೇ ಹೋಯಿತು. ಮಷೀನು ಬದಲಾದರೆ, ಅದರ ಸಾಫ್ಟ್‌ವೇರ್ ಅಪ್‌ಡೇಟ್ ಆದರೆ, ಚಿತ್ರ ತೆಗೆಯುವ ಸೆಟ್ಟಿಂಗ್ ಬದಲಾದರೆ ಈ ಗೆರೆ ಆ ಕಡೆ ಈ ಕಡೆ ಜರಗುತ್ತದೆ.

ಮಗು ಅಲುಗಾಡಿದರಂತೂ ಕೇಳಲೇಬೇಡಿ. ಗಾತ್ರ ಅಳೆಯುವ ಆ ಒಂದು ಚಿತ್ರಕ್ಕೇ ಐದಾರು ನಿಮಿಷ ಬೇಕು. ಐದು ವರ್ಷದ ಹುಡುಗ ಐದು ನಿಮಿಷ ಕದಲದೆ ಮಲಗಬೇಕು, ಅದೂ ಕಿವಿಯ ಪಕ್ಕದಲ್ಲಿ ಡ್ರಿಲ್ ಓಡಿದಂಥ ಸದ್ದಿನಲ್ಲಿ. ನೂರು ಡೆಸಿಬಲ್ ದಾಟುವ ಸದ್ದು ಅದು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಒಬ್ಬ ಹುಡುಗಿ ಸ್ಕ್ಯಾನಿನ ಉದ್ದಕ್ಕೂ ಒಳಗೆ ಸಣ್ಣದಾಗಿ ಹಾಡು ಹೇಳಿಕೊಂಡಿದ್ದಳು. ಗಾಜಿನಾಚೆ ಕೂತ ನಮಗೆ ಅವಳು ಶಿಸ್ತಾಗಿ ಮಲಗಿದಂತೆಯೇ ಕಂಡಳು. ಚಿತ್ರ ಬಂದಾಗ ನೋಡಿದರೆ, ಕೆರೆಗೆ ಕಲ್ಲು ಎಸೆದಾಗ ಏಳುವಂಥ ತೆಳು ಅಲೆಗಳು ಹಣೆಯ ಭಾಗದ ಮೆದುಳಿನ ಮೇಲೆ. ಸಾಫ್ಟ್‌ವೇರ್ ತಕರಾರೇ ಎತ್ತಲಿಲ್ಲ. ಎಷ್ಟೋ ಮಿಲಿಲೀಟರ್ ಎಂದು ಅಚ್ಚುಕಟ್ಟಾಗಿ ಪ್ರಿಂಟ್ ಕೊಟ್ಟಿತು. ನಾವೂ ಅದನ್ನು ಹಾಗೇ ಕೊಟ್ಟು ಕಳಿಸಿದೆವು, ಆ ಮೇಲೆ ಅವಳ ಡಾಕ್ಟರು ಫೋನ್ ಮಾಡಿ ವಿಚಾರಿಸಿದರು. ಅವತ್ತಿನಿಂದ ನಾನು ಸಂಖ್ಯೆಗಿಂತ ಮೊದಲು ಚಿತ್ರ ನೋಡುತ್ತೇನೆ. ಅಲುಗಾಟ ಒಂದೇ ದಿಕ್ಕಿಗೆ ಮೋಸ ಮಾಡುತ್ತದೆ ಎನ್ನುವುದು ಆಮೇಲೆ ಓದಿ ತಿಳಿದದ್ದು. ಮಗು ಅಲುಗಾಡಿದಷ್ಟೂ ಬೂದು ಭಾಗ, ಅಂದರೆ ಮುಖ್ಯವಾಗಿ ಆ ಮಡಿಕೆಯ ಹಾಳೆ, ಇರುವುದಕ್ಕಿಂತ ತೆಳ್ಳಗೆ, ಕಡಿಮೆಯಾಗಿ ತೋರುತ್ತದೆ. ಚಂಚಲ ಮಕ್ಕಳ ಮೆದುಳು ಚಿಕ್ಕದು ಎಂದು ಸಾರುವ ಮುನ್ನ ಇದನ್ನು ನೆನಪಿಡಬೇಕು ಅಲ್ವಾ?

ನಿಮ್ಮ ಮಗನನ್ನು ಮಲಗಿಸಿ ತೆಗೆದರೋ, ಎಚ್ಚರ ಇದ್ದಾಗ ತೆಗೆದರೋ ನೀವು ಬರೆದಿಲ್ಲ. ನಿದ್ದೆಯ ಸಿರಪ್ ಅಥವಾ ಅರಿವಳಿಕೆ ಕೊಟ್ಟಿದ್ದರೆ ಅಲುಗಾಟದ ಅನುಮಾನ ಕಡಿಮೆ. ಎಚ್ಚರ ಇದ್ದಾಗ ತೆಗೆದಿದ್ದರೆ, ಸೆಂಟರಿನವರನ್ನು ‘ಮೋಷನ್ ಇತ್ತಾ’ ಎಂದು ಒಂದು ಮಾತು ಕೇಳಿ.

ಇನ್ನು ವಯಸ್ಸಿನ ಮಾತು. ದೊಡ್ಡವರ ಮೆದುಳನ್ನು ಅಳೆಯುವುದು ನಿಂತ ಬಸ್ಸನ್ನು ಅಳೆದಂತೆ. ಮಕ್ಕಳದ್ದು ಓಡುತ್ತಿರುವ ಬಸ್ಸು. ಹುಟ್ಟಿದಾಗ ಮಗುವಿನ ಮೆದುಳು ದೊಡ್ಡವರದರ ಮೂರನೇ ಒಂದು ಭಾಗದಷ್ಟಿರುತ್ತದೆ. ಹುಟ್ಟಿದ ಹೊಸದರಲ್ಲಿ ದಿನಕ್ಕೆ ಹೆಚ್ಚುಕಮ್ಮಿ ನೂರಕ್ಕೆ ಒಂದರಂತೆ ಬೆಳೆದು, ಮೂರು ತಿಂಗಳಿಗೆಲ್ಲ ಅರ್ಧ ದಾಟುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಹಸುಗೂಸುಗಳನ್ನು ಹುಟ್ಟಿದಾಗ, ಒಂದು ವರ್ಷಕ್ಕೆ, ಎರಡು ವರ್ಷಕ್ಕೆ ಸ್ಕ್ಯಾನ್ ಮಾಡಿ ನೋಡಿದರು. 2008ರಲ್ಲಿ ಫಲಿತಾಂಶ ಬಂತು. ಮೊದಲ ವರ್ಷ ಮೆದುಳಿನ ಗಾತ್ರ 101% ಹೆಚ್ಚಿತ್ತು, ಅಂದರೆ ಎರಡು ಪಟ್ಟು. ಎರಡನೇ ವರ್ಷ ಬರೀ 15%.  ಆರು ವರ್ಷಕ್ಕೆ ಬರುವಷ್ಟರಲ್ಲಿ ದೊಡ್ಡವರ ಗಾತ್ರದ ಹತ್ತಿರ ಹತ್ತಿರ ಬಂದಿರುತ್ತದೆ.

ಹಸುಗೂಸಿನ ಮೆದುಳು ಫಿಲ್ಮಿನಲ್ಲಿ ನೋಡಲಿಕ್ಕೂ ತಿರುಗುಮುರುಗು. ದೊಡ್ಡವರಲ್ಲಿ ಬಿಳಿಯಾಗಿ ಕಾಣುವ ಭಾಗ ಅವರಲ್ಲಿ ಕಪ್ಪಾಗಿರುತ್ತದೆ, ಏಕೆಂದರೆ ನರತಂತುಗಳಿಗೆ ಕೊಬ್ಬಿನ ಹೊದಿಕೆ ಇನ್ನೂ ಬಂದಿರುವುದಿಲ್ಲ. ಆರು ತಿಂಗಳ ಹೊತ್ತಿಗೆ ಎರಡೂ ಒಂದೇ ಬಣ್ಣಕ್ಕೆ ಬಂದು ನಿಲ್ಲುತ್ತವೆ. ಆಗ ಬೂದು ಎಲ್ಲಿ ಮುಗಿಯಿತು, ಬಿಳಿ ಎಲ್ಲಿ ಶುರುವಾಯಿತು ಎಂದು ನನಗೂ ಗೊತ್ತಾಗುವುದಿಲ್ಲ, ಕಂಪ್ಯೂಟರಿಗೂ ಗೊತ್ತಾಗುವುದಿಲ್ಲ. ಎರಡು ವರ್ಷದ ಹೊತ್ತಿಗೆ ದೊಡ್ಡವರ ಹಾಗೆ ಕಾಣುತ್ತದೆ. ದೊಡ್ಡವರಿಗೆಂದು ಮಾಡಿದ ಸಾಫ್ಟ್‌ವೇರನ್ನು ಕೂಸುಗಳ ಮೇಲೆ ಓಡಿಸಬಾರದು ಎನ್ನುವುದು ಇದಕ್ಕೇ. ನಿಮ್ಮವನಿಗೆ ಐದು ದಾಟಿದೆ, ಆ ಪೀಕಲಾಟ ಇಲ್ಲ.

2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ದೊಡ್ಡ ಕೆಲಸ ಬಂತು. ಒಂದು ಲಕ್ಷಕ್ಕೂ ಜಾಸ್ತಿ ಜನರ 1,23,984 ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ, ಹೊಟ್ಟೆಯೊಳಗಿನ ಭ್ರೂಣದಿಂದ ನೂರು ವರ್ಷದ ಮುದುಕರವರೆಗೆ ಮೆದುಳಿನ ಬೆಳವಣಿಗೆಯ ಚಾರ್ಟ್ ಮಾಡಿದರು. ಅಂಗನವಾಡಿಯಲ್ಲಿ ತೂಕ ಗುರುತು ಹಾಕುವ ತಾಯಿ ಕಾರ್ಡ್ ಇರುತ್ತದಲ್ಲ, ಹಾಗೇ. ಅದರಲ್ಲಿ ನಿಮಗೆ ಉಪಯೋಗಕ್ಕೆ ಬರುವ ಒಂದು ಮಾತಿದೆ. ಬೂದು ಭಾಗದ ಗಾತ್ರ ಸರಾಸರಿ 5.9 ವರ್ಷಕ್ಕೆ ತುತ್ತತುದಿ ಮುಟ್ಟಿ ಅಲ್ಲಿಂದ ಇಳಿಯಲು ಶುರುವಾಗುತ್ತದೆ. ಬಿಳಿ ಭಾಗ ಏರುತ್ತಲೇ ಹೋಗಿ ಸುಮಾರು 29ಕ್ಕೆ ತುದಿ ಮುಟ್ಟುತ್ತದೆ. ಅಂದರೆ ಒಂದನೇ ಕ್ಲಾಸಿಗೆ ಹೋಗುವ ಹೆಚ್ಚಿನ ಮಕ್ಕಳ ಬೂದು ಭಾಗ ‘ಕಡಿಮೆ’ ಆಗುವ ಹಾದಿಯಲ್ಲೇ ಇರುತ್ತದೆ! ಅದು ರೋಗವಲ್ಲ. ರಾಗಿ ಒತ್ತಾಗಿ ಹುಟ್ಟಿದರೆ ಹೊಲದಲ್ಲಿ ಕುಂಟೆ ಹಾಯಿಸಿ ಪೈರು ತೆಳು ಮಾಡುತ್ತಾರಲ್ಲ, ಹಾಗೆ ನರಕೋಶಗಳ ನಡುವಿನ ಬೇಡದ ಕೊಂಡಿಗಳನ್ನು ಮೆದುಳು ತಾನೇ ಕಿತ್ತು ಹಾಕುತ್ತದೆ. ಜೊತೆಗೆ ಒಳಗಿನ ಅಂಚಿಗೆ ಕೊಬ್ಬಿನ ಹೊದಿಕೆ ಏರುತ್ತಾ ಹೋಗುವುದರಿಂದ ನಿನ್ನೆ ಬೂದು ಎಂದು ಎಣಿಸಿದ್ದು ಇವತ್ತು ಬಿಳಿ ಲೆಕ್ಕಕ್ಕೆ ಹೋಗುತ್ತದೆ. ಅರ್ಧ ಕಥೆ ಅದೇ.

ಈಗ ನಿಮ್ಮ ‘ಪರ್ಸೆಂಟೈಲ್ 8’. ಇದು ನೂರಕ್ಕೆ ಎಂಟು ಮಾರ್ಕ್ಸ್ ಅಲ್ಲ. ಆರೋಗ್ಯವಾಗಿರುವ ನೂರು ಹುಡುಗರನ್ನು ಮೆದುಳಿನ ಗಾತ್ರದ ಪ್ರಕಾರ ಪ್ರಾರ್ಥನೆಯ ಸಾಲಿನಂತೆ ನಿಲ್ಲಿಸಿದರೆ ಮುಂದಿನಿಂದ ಎಂಟನೆಯವನು ಎಂದರ್ಥ. ಆ ಜಾಗದಲ್ಲಿ ಯಾರಾದರೂ ಒಬ್ಬ ಆರೋಗ್ಯವಂತ ಹುಡುಗ ನಿಲ್ಲಲೇಬೇಕು. ಸಾಮಾನ್ಯವಾಗಿ ನಾವು ಹುಬ್ಬೇರಿಸುವುದು ಎರಡು ಮೂರಕ್ಕಿಂತ ಕೆಳಗೆ ಹೋದಾಗ. ಕೆಂಪು ಅಕ್ಷರ ಯಾವಾಗ ಹಾಕಬೇಕು ಎನ್ನುವುದು ಸಾಫ್ಟ್‌ವೇರ್ ಮಾಡಿದವರು ಕೂತು ಆರಿಸಿದ್ದು. ಅದರಿಂದ ನಿದ್ದೆ ಕೆಡಿಸಿಕೊಳ್ಳಬೇಡಿ.

ಆ ನೂರು ಹುಡುಗರು ಯಾರು ಎಂದೂ ಕೇಳಬೇಕು. ನಾನು ಹೇಳಿದ ದೊಡ್ಡ ಚಾರ್ಟಿನಲ್ಲಿ ಬಹುಪಾಲು ಸ್ಕ್ಯಾನ್‌ಗಳು ಯುರೋಪು, ಉತ್ತರ ಅಮೆರಿಕದವು. ಅದನ್ನು ಮಾಡಿದವರೇ ಇದು ಕೊರತೆ ಎಂದು ಒಪ್ಪಿದ್ದಾರೆ. ಹೈದರಾಬಾದಿನ ಐಐಐಟಿಯವರು 2019ರಲ್ಲಿ ನೂರು ಭಾರತೀಯರ ಸ್ಕ್ಯಾನ್ ಇಟ್ಟುಕೊಂಡು ಒಂದು ಮಾದರಿ ಮೆದುಳು ರೂಪಿಸಿದಾಗ, ಅದು ಪಾಶ್ಚಾತ್ಯ ಮಾದರಿಗಿಂತ ಉದ್ದ, ಅಗಲ, ಎತ್ತರ ಎಲ್ಲದರಲ್ಲೂ ಸ್ವಲ್ಪ ಚಿಕ್ಕದಿತ್ತು. ಅವರು ದೊಡ್ಡವರು. ಮಕ್ಕಳಿಗಾಗಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನವರು ಕೆಲಸ ಮಾಡಿದ್ದಾರೆ. ಆರರಿಂದ ಅರವತ್ತು ವರ್ಷದವರೆಗೆ ಐದು ವಯಸ್ಸಿನ ಗುಂಪು ಮಾಡಿ ಭಾರತೀಯ ಮಾದರಿಗಳನ್ನು ಕಟ್ಟಿದ್ದಾರೆ. ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ ‘ಸಿ-ವೇದ’ ಎಂಬ ಅಧ್ಯಯನದಲ್ಲಿ ಬೆಂಗಳೂರು, ಮೈಸೂರು ಸೇರಿ ದೇಶದ ಹಲವು ಕಡೆಯ ಆರರಿಂದ ಇಪ್ಪತ್ತಮೂರು ವರ್ಷದ ಸಾವಿರಾರು ಮಕ್ಕಳು, ಯುವಕರು ಇದ್ದಾರೆ. ಅವರಲ್ಲಿ ಒಂದಷ್ಟು ಜನರ ಎಂಆರ್‌ಐ ಕೂಡ ಆಗಿದೆ. ಗಮನಿಸಿ, ಎರಡೂ ಆರರಿಂದ ಶುರು. ನಿಮ್ಮ ಮಗನಿಗೆ ಐದು. ಹೊರದೇಶದ ಸಾಲಿನಲ್ಲಿ ಎಂಟನೆಯವನಾದ ದಾವಣಗೆರೆಯ ಹುಡುಗ ನಮ್ಮದೇ ಸಾಲಿನಲ್ಲಿ ಇನ್ನೂ ಹಿಂದೆ, ಅಂದರೆ ಮಧ್ಯದ ಕಡೆಗೆ ನಿಂತರೆ ನನಗೆ ಆಶ್ಚರ್ಯವಿಲ್ಲ.

ಒಂದು ಕೆಲಸ ಮಾಡಿ. ಮನೆಯಲ್ಲಿ ಟೇಪ್ ಇದೆಯಾ? ಬಟ್ಟೆ ಹೊಲಿಯುವ ಹಳೇ ಟೇಪ್ ಎಳೆದು ಎಳೆದು ಉದ್ದವಾಗಿರುತ್ತದೆ, ಹೊಸದು ತೆಗೆದುಕೊಳ್ಳಿ. ಮುಂದೆ ಹುಬ್ಬಿನ ಸ್ವಲ್ಪ ಮೇಲೆ, ಪಕ್ಕದಲ್ಲಿ ಕಿವಿಯ ಮೇಲಿನಿಂದ, ಹಿಂದೆ ಬುರುಡೆ ಎಲ್ಲಿ ಜಾಸ್ತಿ ಉಬ್ಬಿದೆಯೋ ಅಲ್ಲಿಗೆ ಸುತ್ತಿ. ಕೂದಲು ಅದುಮುವಷ್ಟು ಬಿಗಿ ಇರಲಿ. ಮೂರು ಸಲ ಅಳೆದು ದೊಡ್ಡ ಅಳತೆ ಬರೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟಿನಲ್ಲಿ ಐದು ವರ್ಷದ ಹುಡುಗರ ತಲೆಯ ಸುತ್ತಳತೆ ನಡುಮಧ್ಯಕ್ಕೆ 50.7 ಸೆಂ.ಮೀ. ಹೆಚ್ಚುಕಮ್ಮಿ 48ರಿಂದ 53.5ರ ನಡುವೆ ಇದ್ದರೆ ತಲೆಕೆಡಿಸಿಕೊಳ್ಳುವುದಿಲ್ಲ. ಆ ಚಾರ್ಟಿಗಾಗಿ ಅಳೆದ ಆರು ದೇಶಗಳಲ್ಲಿ ನಮ್ಮದೂ ಒಂದು, ದೆಹಲಿಯ ಮಕ್ಕಳು ಅದರಲ್ಲಿದ್ದಾರೆ. ಆಮೇಲೆ ಅದೇ ಟೇಪಿನಲ್ಲಿ ನಿಮ್ಮ ಯಜಮಾನರ ತಲೆ, ನಿಮ್ಮ ತಲೆ ಅಳೆಯಿರಿ. ನಗಬೇಡಿ, ನಾನು ಒಪಿಡಿಯಲ್ಲಿ ದಿನಾ ಮಾಡುವ ಕೆಲಸವಿದು. ಅಪ್ಪನದು ಚಿಕ್ಕ ತಲೆಯಾದರೆ ಮಗನದೂ ಚಿಕ್ಕದಿರುವುದು ಸಾಮಾನ್ಯ. ಮಕ್ಕಳಲ್ಲಿ ತಲೆಯನ್ನು ಬೆಳೆಸುವುದು ಮೆದುಳೇ ಆದ್ದರಿಂದ ಈ ಹತ್ತು ರೂಪಾಯಿಯ ಟೇಪ್ ಕೋಟಿಗಟ್ಟಲೆಯ ಮಷೀನಿಗೆ ಬಹಳ ಹತ್ತಿರದ ಉತ್ತರ ಕೊಡುತ್ತದೆ. ತಾಯಿ ಕಾರ್ಡಿನಲ್ಲೋ, ಹಳೇ ಫೈಲಿನಲ್ಲೋ ಒಂದು ವರ್ಷಕ್ಕೆ, ಎರಡು ವರ್ಷಕ್ಕೆ ಅಳೆದದ್ದು ಬರೆದಿದ್ದರೆ ಚಿನ್ನ. ಅದನ್ನು ಹುಡುಕಿ.

ಏಕೆ ಎಂದರೆ, ‘ಅಟ್ರೋಫಿ’ ಎಂಬ ಪದದ ಅರ್ಥ ಬೆಳೆದದ್ದು ಆಮೇಲೆ ಕುಗ್ಗಿತು ಎಂದು. ಮೊದಲಿಂದಲೂ ಚಿಕ್ಕದಾಗಿ ಬೆಳೆದದ್ದು ಬೇರೆ, ಬೆಳೆದು ಕುಗ್ಗಿದ್ದು ಬೇರೆ. ಒಂದೇ ಒಂದು ಸ್ಕ್ಯಾನಿನಲ್ಲಿ ಎರಡೂ ಒಂದೇ ಥರ ಕಾಣಬಹುದು. ಮೆದುಳಿನ ಮಡಿಕೆಗಳ ನಡುವೆ ನೀರು ಜಾಸ್ತಿ, ಒಳಗಿನ ಕೋಣೆಗಳು ಸ್ವಲ್ಪ ದೊಡ್ಡವು. ನಿಮ್ಮ ಮಗ ಎಂಟು ತಿಂಗಳಿಗೆ, 1.7 ಕೆಜಿಗೆ ಹುಟ್ಟಿದವನು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಮೆದುಳು ಗುಂಪಾಗಿ ನೋಡಿದರೆ ದಿನ ತುಂಬಿ ಹುಟ್ಟಿದವರಿಗಿಂತ ಸ್ವಲ್ಪ ಚಿಕ್ಕದೇ ಇರುತ್ತದೆ. ಬಹಳಷ್ಟು ದೇಶಗಳ ಅಧ್ಯಯನಗಳು ಇದನ್ನೇ ಹೇಳಿವೆ. ರಿಪೋರ್ಟ್ ಬರೆದವರಿಗೆ ಈ ಜನನದ ವಿಷಯ ಯಾರಾದರೂ ಹೇಳಿದ್ದರಾ? ಎಷ್ಟೋ ಸಲ ನಮ್ಮ ಕೈಗೆ ಬರುವ ಚೀಟಿಯಲ್ಲಿ ‘ಸ್ಪೀಚ್ ಡಿಲೇ’ ಎಂಬ ಎರಡೇ ಪದ ಇರುತ್ತದೆ. ಹುಟ್ಟಿದ ಕಥೆ ತಿಳಿದಿದ್ದರೆ ನಾನಾದರೆ ‘ಮೆದುಳಿನ ಗಾತ್ರ ಕೆಳ ಅಂಚಿನಲ್ಲಿದೆ, ಮುಂಚೆ ಹುಟ್ಟಿದ ಮಗುವಾದ್ದರಿಂದ ಅದಕ್ಕೆ ಹೊಂದುತ್ತದೆ’ ಎಂದು ಬರೆಯುತ್ತಿದ್ದೆ. ಅದೇ ಚಿತ್ರ, ಬೇರೆ ವಾಕ್ಯ. ನಿಮ್ಮ ನಿದ್ದೆಯೂ ಉಳಿಯುತ್ತಿತ್ತು.

ಇಷ್ಟು ಹೇಳಿದ ಮೇಲೆ, ನಿಜವಾಗಿ ಕುಗ್ಗಿದ್ದೂ ಮಕ್ಕಳಲ್ಲಿ ಎಷ್ಟೋ ಸಲ ಮತ್ತೆ ತುಂಬಿಕೊಳ್ಳುತ್ತದೆ ಎನ್ನುವುದನ್ನೂ ಹೇಳಬೇಕು. ದಕ್ಷಿಣ ಆಫ್ರಿಕಾದಲ್ಲಿ ಕ್ವಾಶಿಯೋರ್ಕರ್ ಎಂಬ ತೀವ್ರ ಅಪೌಷ್ಟಿಕತೆಯಿಂದ ಮೈ ಊದಿಕೊಂಡು ಬಂದ ಹನ್ನೆರಡು ಮಕ್ಕಳ ಎಂಆರ್‌ಐ ತೆಗೆದರು. ಎಲ್ಲರ ಮೆದುಳೂ ಕುಗ್ಗಿತ್ತು. ಊಟ, ಚಿಕಿತ್ಸೆ ಕೊಟ್ಟು ಮೂರು ತಿಂಗಳು ಬಿಟ್ಟು ನೋಡಿದಾಗ ಬಹುಮಟ್ಟಿಗೆ ಮೊದಲಿನಂತೆ ಆಗಿತ್ತು. 1992ರಲ್ಲಿ ಪ್ರಕಟವಾದ ಕೆಲಸ ಅದು. ಫಿಟ್ಸ್‌ಗೆಂದು ಕೂಸುಗಳಿಗೆ ಸ್ಟೆರಾಯ್ಡ್ ಕೊಟ್ಟಾಗಲೂ ಹೀಗೇ, ಔಷಧಿ ನಿಲ್ಲಿಸಿದ ಮೇಲೆ ಸರಿಹೋಗುತ್ತದೆ. ನಮ್ಮ ಕಡೆ ನೋಡುವುದು ಬಿ12 ಕೊರತೆ. ತಾಯಿಗೆ ಬಿ12 ಕಡಿಮೆ, ಮಗುವಿಗೆ ಒಂದು ವರ್ಷವಾದರೂ ಬರೀ ಎದೆಹಾಲು. ಅಂಥ ಮಗು ಸಪ್ಪಗಾಗಿ, ಮೈ ಬಣ್ಣ ಕಪ್ಪಿಟ್ಟು, ಕಲಿತದ್ದು ಮರೆತು, ಕೈ ನಡುಗಿಸುತ್ತಾ ಬರುತ್ತದೆ. ಅದರ ಸ್ಕ್ಯಾನಿನಲ್ಲೂ ಮೆದುಳು ಕುಗ್ಗಿದಂತೆಯೇ ಕಾಣುತ್ತದೆ. ಇಂಜೆಕ್ಷನ್ ಕೊಟ್ಟ ಕೆಲವೇ ದಿನಗಳಲ್ಲಿ ಅದು ತಾಯಿಯ ಮುಖ ನೋಡಿ ನಗುವುದನ್ನು ನಾನು ಕಂಡಿದ್ದೇನೆ. ನಿಮ್ಮ ಮಗನ ಚಿತ್ರ ಇದಲ್ಲ. ಆದರೂ ರಕ್ತ ಪರೀಕ್ಷೆ ಮಾಡಿಸುವುದಿದ್ದರೆ ಬಿ12, ಥೈರಾಯ್ಡ್, ಹಿಮೋಗ್ಲೋಬಿನ್ ಸೇರಿಸಲು ಹೇಳಿ.

ನಿಮ್ಮ ನಾದಿನಿಯವರ ಮಾತಿಗೆ ಬರೋಣ. ಮೆದುಳಿನ ಗಾತ್ರಕ್ಕೂ ಬುದ್ಧಿ ಪರೀಕ್ಷೆಯ ಅಂಕಕ್ಕೂ ಸಂಬಂಧ ಇಲ್ಲವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಇದೆ, ಆದರೆ ಸಣ್ಣದು. ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಲೆಕ್ಕ ಹಾಕಿದಾಗ ಸಿಕ್ಕ ಅಂಕಿ 0.24, ಸಂಬಂಧವೇ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1 ಎನ್ನುವ ಅಳತೆಯಲ್ಲಿ. ಅಂದರೆ ಜನರ ಅಂಕಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ನೂರಕ್ಕೆ ಆರು ಪಾಲು ಗಾತ್ರದ ಜೊತೆ ಹೊಂದುತ್ತದೆ, ತೊಂಬತ್ತನಾಲ್ಕು ಪಾಲು ಹೊಂದುವುದಿಲ್ಲ. ಗುಂಪಿನ ಮಟ್ಟಿಗೆ ಅದು ಸಂಶೋಧಕರಿಗೆ ಕುತೂಹಲದ ವಿಷಯ. ಒಬ್ಬ ಹುಡುಗನ ಮಟ್ಟಿಗೆ ಅದರಿಂದ ಏನೂ ಹೇಳಲಾಗುವುದಿಲ್ಲ. ನಾದಿನಿಯವರಿಗೆ ಈ ಮೂರು ತೂಕ ಹೇಳಿ. ರಷ್ಯಾದ ಲೇಖಕ ತುರ್ಗೆನೆವ್ ಸತ್ತ ಮೇಲೆ ಅವರ ಮೆದುಳು ತೂಗಿದಾಗ ಎರಡು ಕೆಜಿಗಿಂತ ಜಾಸ್ತಿ ಇತ್ತು. ಫ್ರಾನ್ಸಿನ ಅನತೋಲ್ ಫ್ರಾನ್ಸ್ ಅವರದು ಒಂದು ಕೆಜಿಗಿಂತ ಚೂರು ಜಾಸ್ತಿ, ಅವರಿಗೆ 1921ರಲ್ಲಿ ಸಾಹಿತ್ಯದ ನೊಬೆಲ್ ಬಂದಿತ್ತು. ಐನ್‌ಸ್ಟೈನ್ ಮೆದುಳು 1,230 ಗ್ರಾಂ. ಅದು ಗಂಡಸರ ಸರಾಸರಿಗಿಂತ ಕಡಿಮೆಯೇ. ಗಂಡಸರ ಮೆದುಳು ಹೆಂಗಸರದಕ್ಕಿಂತ ಸರಾಸರಿ ನೂರಕ್ಕೆ ಹತ್ತರಷ್ಟು ದೊಡ್ಡದು ಎಂದೂ ಸೇರಿಸಿ. ಆ ಮಾತು ಅಲ್ಲಿಗೇ ನಿಲ್ಲುತ್ತದೆ.

ಮೊಬೈಲ್ ವಿಚಾರದಲ್ಲಿ ನಿಮ್ಮ ಬೇಜಾರು ಅರ್ಥವಾಗುತ್ತದೆ. ಒಟ್ಟು ಮೆದುಳಿನ ಗಾತ್ರದಲ್ಲಿ ಎದ್ದು ಕಾಣುವಂಥ ವ್ಯತ್ಯಾಸವನ್ನು ಬೆಳೆಸಿದ ರೀತಿಯೊಂದೇ ತರಬೇಕಾದರೆ ಪರಿಸ್ಥಿತಿ ಎಷ್ಟು ಘೋರವಾಗಿರಬೇಕು ಎಂದು ಗೊತ್ತಾ? ರೊಮೇನಿಯಾದಲ್ಲಿ ಚೌಷೆಸ್ಕು ಆಡಳಿತ 1989ರಲ್ಲಿ ಬಿದ್ದಾಗ ಅಲ್ಲಿಯ ಅನಾಥಾಲಯಗಳ ಬಾಗಿಲು ತೆರೆಯಿತು. ಹಸಿವು, ಕೊಳಕು, ಇಡೀ ದಿನ ತೊಟ್ಟಿಲ ಕಂಬಿಗಳೊಳಗೆ, ಎತ್ತಿಕೊಳ್ಳುವವರಿಲ್ಲ, ಮಾತಾಡಿಸುವವರಿಲ್ಲ. ಅಲ್ಲಿಂದ ಇಂಗ್ಲೆಂಡಿನ ಮನೆಗಳಿಗೆ ದತ್ತು ಹೋದ ಮಕ್ಕಳನ್ನು ಸಂಶೋಧಕರು ದೊಡ್ಡವರಾಗುವ ತನಕ ಬಿಡದೆ ನೋಡಿಕೊಂಡು ಬಂದರು. ಇಪ್ಪತ್ತರ ಹರೆಯಕ್ಕೆ ಬಂದ ಅಂಥ 67 ಜನರ ಎಂಆರ್‌ಐ ತೆಗೆದು, ಇಂಗ್ಲೆಂಡಿನಲ್ಲೇ ಹುಟ್ಟಿ ದತ್ತು ಹೋದ 21 ಜನರ ಜೊತೆ ಹೋಲಿಸಿದಾಗ ಮೆದುಳು 8.6% ಚಿಕ್ಕದಿತ್ತು. 2020ರಲ್ಲಿ ಬಂದ ವರದಿ. ಆ ನರಕಕ್ಕೆ 8.6%. ಅಜ್ಜಿ ಊಟ ಮಾಡಿಸುವಾಗ ಕೊಟ್ಟ ಮೊಬೈಲನ್ನು ಈ 1,090ರ ಜೊತೆ ಗಂಟು ಹಾಕಲು ಯಾವ ಡಾಕ್ಟರಿಗೂ ಸಾಧ್ಯವಿಲ್ಲ. ಮೊಬೈಲ್ ಕಡಿಮೆ ಮಾಡಿ, ಅದು ಬೇರೆ ಕಾರಣಕ್ಕೆ. ಪರದೆ ಎದುರು ಕೂತಷ್ಟು ಹೊತ್ತು ಮಗುವಿನ ಜೊತೆ ಯಾರೂ ಮಾತಾಡುವುದಿಲ್ಲ, ಅವನಿಗೆ ಬೇಕಾದದ್ದು ಅದೇ.

ಆರು ತಿಂಗಳಿಗೆ ಇನ್ನೊಂದು ಸ್ಕ್ಯಾನ್ ಬೇಡ. ಈ ವಯಸ್ಸಿನಲ್ಲಿ ಆರು ತಿಂಗಳಲ್ಲಿ ಆಗುವ ಬೆಳವಣಿಗೆ ಅಳತೆಯ ತಪ್ಪಿನೊಳಗೇ ಮುಚ್ಚಿಹೋಗುತ್ತದೆ. ದುಡ್ಡು ದಂಡ, ಸುಮ್ನೆ ಇನ್ನೊಮ್ಮೆ ನಿದ್ದೆಯ ಔಷಧಿ. ಗಾತ್ರದ ಅಳತೆ ನಿಜಕ್ಕೂ ಕೆಲಸಕ್ಕೆ ಬರುವ ಜಾಗಗಳು ಬೇರೆ ಇವೆ. ಔಷಧಿಗೆ ಬಗ್ಗದ ಫಿಟ್ಸ್ ಇರುವ ಮಗುವಿನಲ್ಲಿ ಹಿಪ್ಪೊಕ್ಯಾಂಪಸ್ ಎಂಬ, ಒಂದು ಟೀ ಚಮಚವೂ ತುಂಬದ ಭಾಗ ಒಂದು ಕಡೆ ಸೊರಗಿದೆಯಾ ಎಂದು ನೋಡಲು. ತಲೆಯಲ್ಲಿ ನೀರು ತುಂಬಿ ಶಂಟ್ (ನೀರು ಹೊರಹರಿಸುವ ಕೊಳವೆ) ಹಾಕಿದ ಮಗುವಿನ ಮೆದುಳಿನ ಕೋಣೆಗಳು ಹಿಗ್ಗುತ್ತಿವೆಯಾ ಎಂದು ನೋಡಲು. ಕಲಿತದ್ದು ಮರೆಯುತ್ತಾ ಹೋಗುವ ಮಗುವಿನಲ್ಲಿ. ನಿಮ್ಮ ಮಗನಲ್ಲಿ ಹಾಗೇನಾದರೂ ಆದರೆ, ಆಡುತ್ತಿದ್ದ ಮಾತು ಬಿಟ್ಟುಬಿಟ್ಟರೆ, ನಡಿಗೆ ತೊಡರಿದರೆ, ಫಿಟ್ಸ್ ಬಂದರೆ, ಕಾಯದೆ ಮಕ್ಕಳ ನರರೋಗ ತಜ್ಞರ ಹತ್ತಿರ ಹೋಗಿ. ಆಗ ಮತ್ತೆ ಸ್ಕ್ಯಾನ್ ಬೇಕಾದರೆ ಸಾಧ್ಯವಾದಷ್ಟು ಅದೇ ಸೆಂಟರಿನ ಅದೇ ಮಷೀನಿನಲ್ಲಿ ಮಾಡಿಸಿ. ಈಗಿನ ಸಿಡಿ ಜೋಪಾನವಾಗಿಡಿ, ಬರೀ ಫಿಲ್ಮ್ ಸಾಲದು. ಗಾತ್ರ ಅಳೆಯಲಿಕ್ಕೆಂದೇ ಬಣ್ಣದ ಇಂಜೆಕ್ಷನ್ ಬೇಕಾಗಿಲ್ಲ. ಅಷ್ಟರಲ್ಲಿ ಹುಡುಗ ದೊಡ್ಡವನಾಗಿದ್ದರೆ ಅರಿವಳಿಕೆಯೂ ಬೇಡವಾಗಬಹುದು. ಮನೆಯಲ್ಲಿ ಒಂದು ವಾರ ‘ಸ್ಟ್ಯಾಚ್ಯೂ’ ಆಟ ಆಡಿಸಿ. ಚಾಪೆಯನ್ನು ಕೊಳವೆಯಂತೆ ಬಗ್ಗಿಸಿ ಅದರೊಳಗೆ ಮಲಗಿಸಿ, ಮಿಕ್ಸಿ ಓಡಿಸಿ, ಎಷ್ಟು ಹೊತ್ತು ಅಲುಗಾಡದೆ ಇರುತ್ತಾನೆ ನೋಡಿ. ಸ್ಕ್ಯಾನಿನ ದಿನ ತಾಯತ, ಓಲೆ ತೆಗೆಯುವುದು ಎಲ್ಲರಿಗೂ ನೆನಪಿರುತ್ತದೆ. ಉಡುದಾರಕ್ಕೆ ಸಿಕ್ಕಿಸಿದ ಸೇಫ್ಟಿ ಪಿನ್ನು ಮರೆತುಹೋಗುತ್ತದೆ. ಅಯಸ್ಕಾಂತ ಮರೆಯುವುದಿಲ್ಲ.

ಇಷ್ಟು ಹೊತ್ತು ಒಂದು ಮಾತು ಬಾಕಿ ಇಟ್ಟಿದ್ದೆ. ನಿಮ್ಮ ರಿಪೋರ್ಟಿನ ಮೂರನೇ ಸಾಲಿನ ಬಗ್ಗೆ ನೀವು ಒಂದು ಪ್ರಶ್ನೆಯನ್ನೂ ಕೇಳಿಲ್ಲ, ಬಹುಶಃ ಬೇರೆ ಯಾರೂ ಕೇಳಿಲ್ಲ. ಮಾಸ್ಟಾಯ್ಡ್ ಎಂದರೆ ಕಿವಿಯ ಹಿಂದಿನ ಮೂಳೆ. ಅದರೊಳಗೆ ಜೇನುಗೂಡಿನಂಥ ಗಾಳಿಯ ಗೂಡುಗಳಿರುತ್ತವೆ, ಅವು ನಡುಕಿವಿಗೆ ಸೇರಿಕೊಂಡಿವೆ. ಎರಡೂ ಕಡೆ ಅಲ್ಲಿ ನೀರಿದೆ ಎನ್ನುತ್ತದೆ ಆ ಸಾಲು. ನೆಗಡಿಯಾದ ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ, ಎಷ್ಟೋ ಸಲ ಏನೂ ಅಲ್ಲ. ಆದರೆ ಐದು ದಾಟಿದರೂ ಮಾತು ತಡವಾಗಿರುವ ಹುಡುಗನಲ್ಲಿ ಅದನ್ನು ಬಿಡುವಂತಿಲ್ಲ. ನಡುಕಿವಿಯಲ್ಲೂ ಅಂಟು ನೀರು ತಿಂಗಳುಗಟ್ಟಲೆ ನಿಂತಿದ್ದರೆ ಅವನಿಗೆ ನಿಮ್ಮ ಮಾತು ಬಾವಿಯೊಳಗಿಂದ ಕೇಳಿದಂತೆ ಕೇಳುತ್ತಿರಬಹುದು. ಕೂಗಿದರೆ ತಿರುಗುತ್ತಾನೆ, ಆದ್ದರಿಂದ ಮನೆಯವರಿಗೆ ಅನುಮಾನವೇ ಬರುವುದಿಲ್ಲ. ಟಿವಿ ಸೌಂಡ್ ಜಾಸ್ತಿ ಇಡುತ್ತಾನಾ? ಬಾಯಿ ತೆರೆದು ಮಲಗುತ್ತಾನಾ? ‘ಹಾಂ, ಹಾಂ’ ಎಂದು ಮತ್ತೆ ಮತ್ತೆ ಕೇಳುತ್ತಾನಾ?

ಕಿವಿ ಮೂಗು ಗಂಟಲಿನ ಡಾಕ್ಟರಿಗೆ ಆ ಸಾಲು ತೋರಿಸಿ, ಆಡಿಯೋಮೆಟ್ರಿ (ಎಷ್ಟು ಕೇಳಿಸುತ್ತದೆ ಎಂಬ ಪರೀಕ್ಷೆ) ಮತ್ತು ಟಿಂಪನೋಮೆಟ್ರಿ (ಕಿವಿಯ ತಮಟೆ ಸರಿಯಾಗಿ ಅಲುಗುತ್ತದಾ ಎಂಬ ಪರೀಕ್ಷೆ) ಎರಡೂ ಮಾಡಿಸಿ. ಎರಡನೆಯದು ಒಂದೆರಡು ನಿಮಿಷದ ಕೆಲಸ, ನೋವಿಲ್ಲ, ಮಲಗಿಸಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಯ ಮಕ್ಕಳ ಶೀಘ್ರ ಪತ್ತೆ ಕೇಂದ್ರದಲ್ಲಿ ವಿಚಾರಿಸಿ, ಇಲ್ಲವೇ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಂದು ಸಲ ಹೋಗಿ ಬನ್ನಿ, ಅಲ್ಲಿ ಕಿವಿ, ಮಾತು ಎರಡನ್ನೂ ಒಟ್ಟಿಗೆ ನೋಡುತ್ತಾರೆ. ಹೋಗುವಾಗ ಬಣ್ಣದ ಹಾಳೆ ಮನೆಯಲ್ಲೇ ಇರಲಿ. ರಿಪೋರ್ಟು, ಸಿಡಿ, ಟೇಪಿನಲ್ಲಿ ಅಳೆದ ಮೂರು ಅಳತೆ ತೆಗೆದುಕೊಂಡು ಹೋಗಿ.